ವಿಶ್ವಕೋಶದ ತುಣುಕನ್ನು ಗೋಡೆ ಪತ್ರಿಕೆಗೆ ಹಾಕುವ ಮುನ್ನ

ಗ್ರಂಥಾಲಯದ ಗೋಡೆ ಪತ್ರಿಕೆಯಲ್ಲಿ ಮೂಲೆ ಖಾಲಿ ಉಳಿದರೆ ವಿಶ್ವಕೋಶದ ನಾಲ್ಕು ಸಾಲು ಎತ್ತಿ ತುಂಬಿಸುತ್ತೇವೆ. ಅಕ್ಕಪಕ್ಕದ ಬರಹಕ್ಕೂ ಅದಕ್ಕೂ ಸಂಬಂಧವಿಲ್ಲದಿದ್ದರೂ ಅಡ್ಡಿಯಿಲ್ಲ. ಇವತ್ತು ಇದು ಯಾಕೆ ಎಂಬ ಒಂದು ಸಾಲು ಮಾತ್ರ ಮೇಲ್ಗಡೆ ಬೇಕು.

ಮೊದಲು ನಮೂದು ನಿಮಗೆ ಬೇಕಾದ್ದೇ ಎಂದು ನೋಡಿಕೊಳ್ಳಿ. ಕಾಸರಗೋಡಿನವರಿಗೆ ಚಂದ್ರಗಿರಿ ಎಂದರೆ ಹೊಳೆ, ಹೊಳೆಬದಿಯ ಕೋಟೆ. ಶ್ರವಣಬೆಳಗೊಳದ ಚಿಕ್ಕಬೆಟ್ಟವೂ ಚಂದ್ರಗಿರಿಯೇ, ತಿರುಪತಿ ಹತ್ತಿರ ವಿಜಯನಗರದ ಅರಸರಿದ್ದ ಕೋಟೆಯೂ ಚಂದ್ರಗಿರಿಯೇ. ಹೊಸದುರ್ಗವೂ ಎರಡು: ಒಂದು ನಮ್ಮ ಕಾಸರಗೋಡು ಜಿಲ್ಲೆಯದು, ಇನ್ನೊಂದು ಚಿತ್ರದುರ್ಗ ಜಿಲ್ಲೆಯದು. ಮೊದಲೆರಡು ವಾಕ್ಯದಲ್ಲಿ ಜಿಲ್ಲೆಯ ಹೆಸರು ಹುಡುಕಿ.

ಆ ಹೆಸರೂ ಕೈಕೊಡುವುದುಂಟು. 1956ರ ನವೆಂಬರ್ 1ಕ್ಕಿಂತ ಹಿಂದಿನ ಪುಸ್ತಕದಲ್ಲಿ ಕಾಸರಗೋಡು ದಕ್ಷಿಣ ಕನ್ನಡದ ತಾಲೂಕು. 1957ರ ನಂತರ ಕಣ್ಣೂರು ಜಿಲ್ಲೆಯದು. 1984ರ ಮೇ 24ರಿಂದ ತಾನೇ ಜಿಲ್ಲೆ. ಮೂರೂ ಸರಿಯೇ, ಅಚ್ಚಾದ ವರ್ಷ ಕೆಳಗಿದ್ದರೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರದು, ಉಳಿದವು ಬೇರೆ ಬೇರೆ ವರ್ಷದವು. ಹಾಗಾಗಿ ನಿಮ್ಮ ಕೈಯಲ್ಲಿರುವ ಸಂಪುಟದ ವರ್ಷವನ್ನೇ ಬರೆಯಿರಿ. ‘ಈಗ’, ‘ಇತ್ತೀಚೆಗೆ’ ಎಂದಿರುವ ವಾಕ್ಯವನ್ನು ಬಿಟ್ಟುಬಿಡುವುದೇ ಲೇಸು.

ಹೆಚ್ಚು ಎಡವುವುದು ‘ಸು.’ ಎಂಬಲ್ಲಿ. ‘ಬೇಕಲ ಕೋಟೆಯನ್ನು ಶಿವಪ್ಪನಾಯಕ ಸು. 1650ರಲ್ಲಿ ಕಟ್ಟಿಸಿದ’ ಎಂದಿದ್ದರೆ, ಆ ಒಂದಕ್ಷರ ಸುಮಾರು ಎಂಬುದರ ಗುರುತು. ಅಂದಕ್ಕೆಂದು ಅದನ್ನು ತೆಗೆದರೆ ಅಂದಾಜು ಹೋಗಿ ಖಚಿತ ಇಸವಿಯಾಗುತ್ತದೆ. ಮಕ್ಕಳು ಕ್ವಿಜ್‌ನಲ್ಲಿ ಅದನ್ನೇ ಹೇಳುತ್ತಾರೆ. ‘ಸುಮಾರು’ ಎಂದು ಬಿಡಿಸಿ ಬರೆಯಿರಿ.

ಫೋನಿನಲ್ಲಿ ಫೋಟೊ ತೆಗೆದು ಅಕ್ಷರ ಎತ್ತಿಸುವವರು ಒಂದೊಂದೇ ಅಂಕಣವನ್ನು ಕತ್ತರಿಸಿಕೊಳ್ಳಬೇಕು. ಇಲ್ಲದಿದ್ದರೆ ಎಡ ಅಂಕಣದ ಸಾಲಿಗೆ ಬಲ ಅಂಕಣದ ಸಾಲು ಅಂಟಿ, ಕುಂಬಳೆ ಊರಿನ ನಮೂದಿನ ನಡುವೆ ಕುಂಬಳಕಾಯಿ ಬಂದುಬಿಡುತ್ತದೆ. ಷ ಒಳಗಿನ ಗೀಟು ಮಸುಕಾಗಿದ್ದರೆ ಪ ಆಗುತ್ತದೆ, ಘ ಮತ್ತು ಫ ಅದಲುಬದಲಾಗುತ್ತವೆ, ಕನ್ನಡದ ಸೊನ್ನೆ ಅನುಸ್ವಾರವಾಗುತ್ತದೆ. ಇಸವಿಗಳನ್ನು ಪುಸ್ತಕ ಎದುರಿಗಿಟ್ಟು ಇನ್ನೊಮ್ಮೆ ನೋಡಿ.

ಎ4 ಹಾಳೆಗೆ 80 ಪದ ಸಾಕು. ‘ಇದು’, ‘ಇವರು’ ಎಂದು ಶುರುವಾದರೆ ಆ ಜಾಗಕ್ಕೆ ಹೆಸರು ಹಾಕಿ, ಬಿಟ್ಟ ಕಡೆ ಮೂರು ಚುಕ್ಕೆ ಇಡಿ. ಕೊನೆಯ ಸಾಲಿನಲ್ಲಿ ಪುಸ್ತಕ, ಸಂಪುಟ, ವರ್ಷ, ಪುಟ. ವಿಕಿಪೀಡಿಯದ್ದಾದರೆ ಪುಟದ ಹೆಸರು, ತೆಗೆದುಕೊಂಡ ದಿನಾಂಕ, ಜೊತೆಗೆ ಸಿಸಿ ಬೈ-ಎಸ್‌ಎ ಪರವಾನಗಿಯ ಹೆಸರು: ಮೂಲ ಹೇಳಿದವರಿಗಷ್ಟೇ ಅಲ್ಲಿ ನಕಲಿಗೆ ಅನುಮತಿ.