ಎತ್ತು, ಎಮ್ಮೆ ಹುಟ್ಟುವ ನೆಲದಲ್ಲಿ ಕುದುರೆ ಮರಿ

ನಮ್ಮದು ದೇವಣಿ ತಳಿಯ ದನದ ಮನೆ. ಮೈ ಬಿಳಿ, ಮುಖ ಕಪ್ಪು ಇದ್ದರೆ ವಾನೆರಾ, ಪೂರ್ತಿ ಬಿಳಿಯಾದರೆ ಬಾಲಂಕ್ಯಾ, ಮೈತುಂಬ ಕಪ್ಪು ಮಚ್ಚೆ ಇದ್ದರೆ ಶೇವೆರಾ ಎಂದು ಅಪ್ಪ ದಾರಿಯಲ್ಲಿ ಹೋಗುವ ಎತ್ತನ್ನು ನೋಡಿಯೇ ಹೇಳಿಬಿಡುತ್ತಾರೆ. ಭಾಲ್ಕಿ ತಾಲ್ಲೂಕಿನ ಇಂಥ ಮನೆಗೆ ನಾನು ಕುದುರೆ ತಂದು ಕಟ್ಟಿದಾಗ ಊರಿನವರು ಮೊದಲು ಕೇಳಿದ್ದು ರೇಸಿಗಾ ಅಂತ. ಅಲ್ಲ ಅಂದಾಗ, ಹಾಗಾದರೆ ಮದುವೆ ಮೆರವಣಿಗೆಗೆ ಬಾಡಿಗೆ ಎಷ್ಟು ಅಂತ. ಕುದುರೆ ಏರುವ ದೇವರು, ಖಾನಾಪುರದ ಮೈಲಾರ ಮಲ್ಲಣ್ಣನ ಭಕ್ತರು ಮಾತ್ರ ಏನೂ ಕೇಳಲಿಲ್ಲ. ಭಾನುವಾರ ಬಂದು ಕುದುರೆಯ ಹಣೆಗೆ ಭಂಡಾರ ಹಚ್ಚಿ ಕೈಮುಗಿದು ಹೋದರು.

ನಾನು ಸಾಕುವುದು ಶೋ ಜಂಪಿಂಗ್ (ಅಡ್ಡಿ ಜಿಗಿಸುವುದು), ಎಂಡ್ಯೂರೆನ್ಸ್ (ದೂರದ ಸವಾರಿ) ಕಲಿಯುವವರಿಗೆ ಬೇಕಾದ ಕುದುರೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 2023ರಲ್ಲಿ ಕುದುರೆಯ ನಡಿಗೆಯ ಶಿಸ್ತು ತೋರಿಸುವ ಡ್ರೆಸಾಜ್‌ನಲ್ಲಿ ನಮ್ಮ ತಂಡ ಚಿನ್ನ ಗೆದ್ದದ್ದು ಯುರೋಪಿನ ಕುದುರೆಗಳ ಮೇಲೆ. ಆ ಮಟ್ಟದ ಕನಸು ನಾನು ಕಂಡಿಲ್ಲ. ಹದಿನಾಲ್ಕು ವರ್ಷದ ಹುಡುಗಿಯನ್ನು ಕೂರಿಸಿಕೊಂಡು ಒಂದು ಮೀಟರ್ ಎತ್ತರದ ಅಡ್ಡಿಯನ್ನು ಹೆದರದೆ ದಾಟುವ, ದಾಟಿದ ಮೇಲೆ ಹುಚ್ಚೆದ್ದು ಓಡದ ಕುದುರೆ ಹೈದರಾಬಾದ್, ಪುಣೆ, ಬೆಂಗಳೂರಿನ ರೈಡಿಂಗ್ ಶಾಲೆಗಳಿಗೆ ಬೇಕು. ಅಷ್ಟು ಮಾಡಿಕೊಟ್ಟರೆ ಸಾಕು ಅಂತ ಶುರು ಮಾಡಿದೆ.

ರಷ್ಯದ ವರ್ತಕ ಅಫನಾಸಿ ನಿಕಿತಿನ್ 15ನೇ ಶತಮಾನದಲ್ಲಿ ಒಂದು ಗಂಡು ಕುದುರೆ ಹಿಡಿದುಕೊಂಡು ಬೀದರಿಗೆ ಬಂದಿದ್ದ. ಒಂದು ವರ್ಷ ಮೇವು ಹಾಕಿ ಸಾಕಿದ್ದಕ್ಕೆ ಬಿದ್ದ ಖರ್ಚನ್ನೂ ಲೆಕ್ಕ ಬರೆದಿಟ್ಟಿದ್ದಾನೆ. ಅದನ್ನು ಓದಿದಾಗ ನಮ್ಮವನೇ ಅನ್ನಿಸಿತು. ಆಳಂದದ ಸಂತೆಗೆ 20 ಸಾವಿರ ಕುದುರೆ ಮಾರಾಟಕ್ಕೆ ಬರುತ್ತವೆ ಎಂದವನೇ ಇನ್ನೊಂದು ಮಾತೂ ಬರೆದಿದ್ದಾನೆ: ಈ ನಾಡಿನಲ್ಲಿ ಕುದುರೆ ಹುಟ್ಟುವುದಿಲ್ಲ, ಇಲ್ಲಿ ಹುಟ್ಟುವುದು ಎತ್ತು, ಎಮ್ಮೆ. ಮೊದಲ ಸಲ ಓದಿ ನಕ್ಕಿದ್ದೆ. ಈಗ ನಗು ಬರುವುದಿಲ್ಲ. ನಾನು ಮಾಡಿದ ತಪ್ಪುಗಳೆಲ್ಲ ದನದ ಬುದ್ಧಿಯಿಂದ ಕುದುರೆ ಸಾಕಲು ಹೋಗಿ ಆದವು.

ಮೊದಲನೆಯದು ಗೌರಿಯದು. ಹೈದರಾಬಾದಿನಲ್ಲಿ ಓಡಿ ನಿವೃತ್ತಿಯಾದ, ಥರೋಬ್ರೆಡ್ ಎಂಬ ರೇಸು ತಳಿಯ ಹೆಣ್ಣು, ಏಳು ವರ್ಷ. ಇಂಥ ಕುದುರೆ ರೇಸು ಮುಗಿದ ಮೇಲೆ ಕಡಿಮೆ ಬೆಲೆಗೆ ಸಿಗುತ್ತದೆ. ಕಾಲು ನೇರ, ಗೊರಸು ಗಟ್ಟಿ, ಸ್ವಭಾವ ತಣ್ಣಗೆ. ಮಳೆಗಾಲವಿಡೀ ಹಸಿ ಜೋಳ ಕೊಯ್ದು ಹಾಕಿದೆವು. ಎಳೆ ಜೋಳ ಮೇದರೆ ದನಕ್ಕೆ ವಿಷ ಏರುತ್ತದೆ ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ತೆನೆ ಬಂದ ಮೇಲೆ ಹಾಕಿದರೆ ಏನೂ ಆಗದು ಅಂತ ಅಪ್ಪನ ಲೆಕ್ಕ, ನನ್ನದೂ ಅದೇ. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹಿಂದಿನ ತೊಡೆಗಳ ಒಳಭಾಗದಲ್ಲಿ ಕೂದಲು ಉದುರಿ ಚರ್ಮ ಕೆಂಪಾಗಿದ್ದು ಕಂಡಿತು. ನೊಣ ಕಚ್ಚಿರಬೇಕು ಅಂತ ಎಣ್ಣೆ ಹಚ್ಚಿದೆ. ಆಮೇಲೆ ನೋಡಿದರೆ ಮೂತ್ರ ಹನಿಹನಿಯಾಗಿ ತಾನೇ ಸೋರುತ್ತಿದೆ. ಹಗ್ಗ ಹಿಡಿದು ತಿರುಗಿಸಿದರೆ ಹಿಂಗಾಲು ಒಂದಕ್ಕೊಂದು ತೊಡರುತ್ತಿವೆ, ಕುಡಿದವನ ನಡಿಗೆ.

ಡಾಕ್ಟರು ಬಂದವರೇ ಮೊದಲು ಮೇವಿನ ದೋಣಿಯಲ್ಲಿ ಏನಿದೆ ಅಂತ ನೋಡಿದರು. ಹಸಿ ಜೋಳವನ್ನು ವಾರಗಟ್ಟಲೆ ತಿಂದ ಕುದುರೆಗೆ ಮೂತ್ರಚೀಲವೂ ಬೆನ್ನುಹುರಿಯೂ ಕೆಡುತ್ತವೆ, ದನಕ್ಕೆ ಹೀಗೆ ಆಗುವುದು ಅಪರೂಪ, ಗಬ್ಬದ ಕುದುರೆಯಾದರೆ ಹೊಟ್ಟೆಯ ಮರಿಗೂ ಪೆಟ್ಟು ಅಂದರು. ಅಪ್ಪ ನಂಬಲಿಲ್ಲ. "ನಮ್ಮ ಎತ್ತು ಇದೇ ತಿಂದು ಬೆಳ್ದಾವ ಸಾಹೇಬ್ರ" ಅಂತ ಮೂರು ಸಲ ಹೇಳಿದರು. ಮೇವು ಬದಲಿಸಿದ ಮೇಲೆ ಗೌರಿ ಸ್ವಲ್ಪ ಸುಧಾರಿಸಿದಳು, ಪೂರ್ತಿ ಆಗಲಿಲ್ಲ. ಅವಳಿಂದ ಒಂದೂ ಮರಿ ಪಡೆಯಲಿಲ್ಲ.

ಅವತ್ತಿನಿಂದ ಮೇವಿನ ವಿಷಯದಲ್ಲಿ ನಾನು ಸಂಶಯದ ಮನುಷ್ಯ. ಹೈನಿಗೆ ಬೆಳೆದ ಹೈಬ್ರಿಡ್ ನೇಪಿಯರ್ ಹುಲ್ಲು ಬದುವಿನಲ್ಲೇ ಇದೆ, ಕುದುರೆಗೆ ಹಾಕುವುದಿಲ್ಲ. ಅದರಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಆಗ ಕುದುರೆಯ ಮೈ ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಮುಖದ ಎಲುಬು ಊದಿ ತಲೆ ದಪ್ಪ ಕಾಣುತ್ತದೆ. ಗೋಧಿ ಬೂಸಾ ಜಾಸ್ತಿ ಸುರಿದರೆ ರಂಜಕ ಹೆಚ್ಚಾಗಿ ಅದೇ ಕಥೆ. ಜಿಗಿಯಬೇಕಾದ ಪ್ರಾಣಿಗೆ ಎಲುಬೇ ಬಂಡವಾಳ ಅಲ್ಲವೇ? ದನದ ಹಿಂಡಿಯ ಚೀಲವನ್ನಂತೂ ಲಾಯದ ಹತ್ತಿರ ತರಲೂ ಬಿಡುವುದಿಲ್ಲ. ಕೆಲವು ಹಿಂಡಿಗಳಲ್ಲಿ ಸೇರಿಸುವ ಮೊನೆನ್ಸಿನ್ ಎಂಬ ಔಷಧ ದನಕ್ಕೆ ಒಳ್ಳೆಯದು, ಕುದುರೆಯ ಹೃದಯಕ್ಕೆ ನೇರ ವಿಷ.

ಈಗ ಹಾಕುವುದು ಒಣಹುಲ್ಲು ಮತ್ತು ಕುದುರೆ ಮೆಂತೆ. ಹೆಸರಲ್ಲೇ ಕುದುರೆ ಇಟ್ಟುಕೊಂಡ ಸೊಪ್ಪು ನಮ್ಮ ಭಾಷೆಯಲ್ಲೇ ಇತ್ತು, ನಾನು ಕಣ್ಣೆತ್ತಿ ನೋಡಿರಲಿಲ್ಲ. 450 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು 9 ಕಿಲೋ ಒಣ ಲೆಕ್ಕದ ಮೇವು. ನೆನೆಹಾಕಿದ ಕಡಲೆ, ಓಟ್ಸ್ ಒಂದು ಹೊತ್ತಿಗೆ ಎರಡು ಕಿಲೋ ದಾಟಬಾರದು. ಹುಲ್ಲಿನ ಕಟ್ಟು ಬಿಚ್ಚಿದ ಕೂಡಲೇ ಮೂಸಿ ನೋಡುತ್ತೇನೆ. ಬೂಸ್ಟು ವಾಸನೆ ಬಂದರೆ ಅದು ಎಮ್ಮೆಗೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಹೊಟ್ಟೆನೋವಾಗಿಯೇ ಹೊರಬೀಳಬೇಕು.

ಬೆದೆಯ ವಿಷಯದಲ್ಲೂ ಆಕಳ ಲೆಕ್ಕ ನಡೆಯಲಿಲ್ಲ. ಆಕಳು ಬೆದೆಗೆ ಬಂದರೆ ಕೂಗಿ ಊರಿಗೆಲ್ಲ ಹೇಳುತ್ತದೆ. ಗಂಡು ಎದುರಿಗೆ ಇಲ್ಲದಿದ್ದರೆ ಹೆಣ್ಣು ಕುದುರೆ ಏನೂ ತೋರಿಸದೆ ಇದ್ದುಬಿಡಬಹುದು. ಗಂಡು ಸಾಕುವ ಧೈರ್ಯ ನನಗಿಲ್ಲ, ಅದಕ್ಕೆ ಬೇರೆ ಲಾಯ, ಬೇರೆ ಬೇಲಿ, ಒಬ್ಬ ಗಟ್ಟಿ ಆಳು ಬೇಕು. ಪಕ್ಕದ ಊರಿನವರ ಹತ್ತಿರ ಒಂದು ಗಂಡು ತಟ್ಟು, ಅಂದರೆ ಕುಳ್ಳ ಕುದುರೆ, ಇತ್ತು. ಅದನ್ನು ಎರಡು ದಿನಕ್ಕೊಮ್ಮೆ ತಂದು ಕಟ್ಟಿಗೆಯ ಅಡ್ಡೆಯ ಆಚೆ ನಿಲ್ಲಿಸುತ್ತಿದ್ದೆ. ನನ್ನ ಎರಡನೇ ಕುದುರೆ ಚಂದ್ರಿ ಕಿವಿ ಹಿಂದಕ್ಕೆ ಮಡಚಿ ಒದ್ದರೆ ಇನ್ನೂ ಟೈಮ್ ಇದೆ, ಬಾಲ ಎತ್ತಿ ಸುಮ್ಮನೆ ನಿಂತರೆ ಲಾರಿಗೆ ಫೋನು. ಆ ತಟ್ಟಿಗೆ ಸಿಕ್ಕಿದ್ದು ಒಂದು ಸೇರು ಕಡಲೆ ಮಾತ್ರ. ಬೆದೆ ಐದಾರು ದಿನ ಇದ್ದು, ಮೊಟ್ಟೆ ಬಿಡುಗಡೆಯಾಗುವುದು ಕೊನೆಯ ಒಂದೆರಡು ದಿನಗಳಲ್ಲಿ. ಸ್ಕ್ಯಾನಿನಲ್ಲಿ ಮೊಟ್ಟೆಯ ಗುಳ್ಳೆ 35 ಮಿಲಿಮೀಟರ್ ದಾಟಿದೆ ಅಂತ ಡಾಕ್ಟರು ಹೇಳಿದ ಮೇಲೆಯೇ ಸೊಲ್ಲಾಪುರದ ಆಚೆಗೆ, ಗಂಡು ಇರುವಲ್ಲಿಗೆ ಕರೆದೊಯ್ದೆ. ಹದಿನೈದನೇ ದಿನಕ್ಕೆ ಮತ್ತೆ ಸ್ಕ್ಯಾನ್, ಅವಳಿ ಇದೆಯೋ ಅಂತ ನೋಡಲು. ಕುದುರೆಗೆ ಅವಳಿ ನಿಂತರೆ ಸಾಮಾನ್ಯವಾಗಿ ಎರಡೂ ಉಳಿಯುವುದಿಲ್ಲ.

ಹನ್ನೊಂದು ತಿಂಗಳು ಕಳೆಯಿತು. ಮಾಘದ ಚಳಿ. ಮೊಲೆಯ ತುದಿಯಲ್ಲಿ ಮೇಣದಂಥ ಹನಿ ಕಟ್ಟಿದ್ದನ್ನು ನೋಡಿದ ರಾತ್ರಿಯಿಂದ ಲಾಯದ ಪಕ್ಕದಲ್ಲೇ ಮಲಗಿದೆ. ಹೆಣ್ಣು ಕುದುರೆ ಜನ ಇಲ್ಲದ ಹೊತ್ತು ನೋಡಿ ಈಯುತ್ತದೆ. ಮೂರನೇ ರಾತ್ರಿ ಎರಡು ಗಂಟೆಗೆ ನೀರು ಒಡೆಯಿತು. ಡಾಕ್ಟರು ಹೇಳಿಕೊಟ್ಟಿದ್ದು ಇಷ್ಟೇ: ಬಿಳಿ ಚೀಲ ಕಂಡರೆ ಕೈ ಕಟ್ಟಿಕೊಂಡು ನಿಲ್ಲು, ಕೆಂಪು ಮಖಮಲ್ಲಿನಂಥ ಚೀಲ ಕಂಡರೆ ಕ್ಷಣವೂ ಕಾಯದೆ ಕತ್ತರಿಸು, ಮರಿಗೆ ಉಸಿರಿಲ್ಲ. ಕಂಡದ್ದು ಬಿಳಿ. ಒಂದು ಮುಂಗಾಲು, ಸ್ವಲ್ಪ ಹಿಂದೆ ಇನ್ನೊಂದು, ಮೊಣಕಾಲ ಮೇಲೆ ಮೂಗು. ಇಪ್ಪತ್ತೇ ನಿಮಿಷದಲ್ಲಿ ಕಪ್ಪು ಹೆಣ್ಣು ಮರಿ ಹುಲ್ಲಿನ ಮೇಲೆ ಬಿತ್ತು. ಐವತ್ತು ನಿಮಿಷಕ್ಕೆ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಚಾಚಿ ಎದ್ದು ನಿಂತಿತು.

ಅಷ್ಟರಲ್ಲಿ ಅವ್ವ ಬಂದರು. "ಮಾಸ ಬೀಳೋತನಕ ಹಾಲು ಕುಡಸಬ್ಯಾಡ" ಅಂತ ಮರಿಯನ್ನು ತಡೆದರು. ಮಾಸ ಅಂದರೆ ಈದ ಮೇಲೆ ಬೀಳುವ ಕಸ. ಎಮ್ಮೆ ಕರು ಹಾಕಿದಾಗ ನಮ್ಮ ಮನೆಯಲ್ಲಿ ನಡೆದು ಬಂದದ್ದು ಹಾಗೆಯೇ, ಗಿಣ್ಣದಲ್ಲಿ ನಮಗೂ ಪಾಲು ಬೇಕಲ್ಲ. ಕುದುರೆ ಮರಿಗೆ ತಾಯಿಯ ಹೊಟ್ಟೆಯಲ್ಲಿ ರೋಗ ತಡೆಯುವ ಶಕ್ತಿ ಬರುವುದಿಲ್ಲ, ಎಲ್ಲ ಆ ಗಿಣ್ಣಹಾಲಿನಲ್ಲೇ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಅದು ಹೊಟ್ಟೆಗೆ ಇಳಿಯಬೇಕು, ಒಂದು ದಿನ ಕಳೆದರೆ ಕರುಳು ಅದನ್ನು ಹೀರುವುದೇ ಇಲ್ಲ. ಅವ್ವನ ಜೊತೆ ಜಗಳ ಆಡಿಯೇ ಕುಡಿಸಿದೆ. ಬೆಳಗಿನ ಜಾವ ನಾಲ್ಕು ಹೊಡೆಯುವುದರೊಳಗೆ ಮರಿ ಚಪ್ಪರಿಸುತ್ತಿತ್ತು.

ಮಾಸ ಮಾತ್ರ ಬೀಳಲಿಲ್ಲ. ಐದು ಗಂಟೆ, ಐದೂವರೆ. ಅಪ್ಪ ಕಂಬಳಿ ಹೊದ್ದು ಕೂತಿದ್ದರು. "ಆಕಳಿಗಿ ಒಂದಿನ ಕಾಯ್ತೀವಿ, ಬೆಳಕಾಗ್ಲಿ ತಡಿ." ಕುದುರೆಗೆ ಮೂರು ಗಂಟೆ ಮೀರಿದರೆ ತುರ್ತು. ಗರ್ಭಕೋಶದಲ್ಲಿ ಚೂರು ಉಳಿದು ಕೊಳೆತರೆ ವಿಷ ರಕ್ತಕ್ಕೆ ಸೇರಿ ನಾಲ್ಕೂ ಗೊರಸಿನೊಳಗೆ ಉರಿ ಹತ್ತುತ್ತದೆ, ಕುದುರೆ ಮತ್ತೆ ಸರಿಯಾಗಿ ನಡೆಯದೇ ಹೋಗಬಹುದು. ಡಾಕ್ಟರನ್ನು ಎಬ್ಬಿಸಿದೆ. ಸೂಜಿ ಕೊಟ್ಟ ಮೇಲೆ ಆರೂವರೆಗೆ ಬಿತ್ತು. ಅದನ್ನು ತಾಡಪತ್ರಿಯ ಮೇಲೆ ನೀರು ಹಾಕಿ ಹರಡಿದರು. ಪೈಜಾಮದ ಎರಡು ಕಾಲಿನ ಹಾಗೆ ಕಾಣುತ್ತದೆ. ಒಂದು ಕಾಲಿನ ತುದಿ ಮುಚ್ಚಿತ್ತು, ಇನ್ನೊಂದರಲ್ಲಿ ಅಂಗೈಯಷ್ಟು ತೂತು. ಆ ಅಂಗೈಯಷ್ಟು ತುಂಡು ಒಳಗೇ ಇತ್ತು. ಎರಡು ದಿನ ಗರ್ಭಕೋಶ ತೊಳೆದು, ಗೊರಸಿಗೆ ಐಸು ಕಟ್ಟಿ, ಚಂದ್ರಿ ಉಳಿದಳು.

ಮರಿ ಬೆಳೆಸುವ ಜಾಗ ಆರಿಸಲೂ ಎಡವಿದ್ದೆ. ಕೆಳಗಿನ ಎರೆಹೊಲ ಸಮತಟ್ಟು ಅಂತ ಅಲ್ಲಿ ಬಿಟ್ಟಿದ್ದೆ. ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟರೆ ಮರಿಯ ಕಾಲು ಪೂರ್ತಿ ಇಳಿಯುವಷ್ಟು ಸೀಳು, ಮಳೆ ಬಂದರೆ ಗೊರಸಿಗೆ ಅಂಟು. ಮೇಲಿನ ಕೆಂಪು ಮಣ್ಣಿನ ತುಂಡು ಬೆಳೆಗೆ ಬಡವು, ಮರಿಗೆ ಸರಿ. ಹಗಲು ರಾತ್ರಿ ಅಲ್ಲೇ ಬಿಡುತ್ತೇನೆ, ಓಡದ ಮರಿಗೆ ಎಲುಬು ಕೂಡುವುದಿಲ್ಲ. ಬೀದರಿನಿಂದ ನಾಲ್‌ಬಂದ್ ಚಾಚಾ ಒಂದೂವರೆ ತಿಂಗಳಿಗೊಮ್ಮೆ ಬಂದು ಗೊರಸು ಕೆತ್ತುತ್ತಾರೆ. ಎತ್ತನ್ನು ನೆಲಕ್ಕೆ ಕೆಡವಿ ಲಾಳ ಹೊಡೆದವರು, ಇಲ್ಲಿ ಮರಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು "ಬೇಟಾ, ರುಕ್ ಜಾ" ಅಂತ ಮಾತಾಡಿಸುತ್ತಾರೆ. ಕಾಲು ಕೊಡಲು ಅದು ಕಲಿತದ್ದು ಚಾಚಾರಿಂದಲೇ.

ಬೆಳೆದ ಕುದುರೆಯನ್ನು ಒಮ್ಮೆ ನಾಂದೇಡ ಜಿಲ್ಲೆಯ ಮಾಳೇಗಾಂವ ಜಾತ್ರೆಗೆ ಒಯ್ದೆ. ಖಂಡೋಬನ ಆ ಜಾತ್ರೆಯಲ್ಲಿ ಕುದುರೆ ವ್ಯಾಪಾರ ಜೋರು. ಅಲ್ಲಿ ಮೈಮೇಲಿನ ಕೂದಲಿನ ಒಳ್ಳೆಯ ಸುಳಿ ನೋಡುತ್ತಾರೆ, ಕೂತವರನ್ನು ಕುಲುಕದ ರೇವಾಲ ನಡಿಗೆ ಕೇಳುತ್ತಾರೆ. ನನ್ನ ಕುದುರೆಗೆ ಎರಡೂ ಇರಲಿಲ್ಲ, ಜಿಗಿತ ಕೇಳುವವರು ಸಿಗಲಿಲ್ಲ. ಕೊನೆಗೆ ಮಗಳು ಫೋನಿನಲ್ಲಿ ತೆಗೆದ ವೀಡಿಯೊ ನೋಡಿ ದೊಡ್ಡ ಊರಿನ ಶಾಲೆಯೊಂದು ಬಂತು. ಎರಡೂವರೆ ವರ್ಷದ ಕುದುರೆಯನ್ನೇ ಕೊಡಿ, ಈಗಲೇ ಜಿಗಿಸುತ್ತೇವೆ ಅಂದರು. ಕೊಡಲಿಲ್ಲ. ಮುಂದಿನ ಹಾಲುಹಲ್ಲು ಬೀಳುವ ವಯಸ್ಸದು, ಬೆನ್ನಿನ ಎಲುಬು ಗಟ್ಟಿಯಾಗಲು ಐದು ವರ್ಷ ದಾಟಬೇಕು. ಮೂರೂವರೆಗೆ ಜೀನು, ನಾಲ್ಕಕ್ಕೆ ಸಣ್ಣ ಅಡ್ಡಿ, ಆಮೇಲೆ ಮಾರಾಟ. ಇದರಲ್ಲಿ ಹಟ ಮಾಡಿ ಒಂದೆರಡು ಗಿರಾಕಿ ಕಳೆದುಕೊಂಡಿದ್ದೇನೆ.

ಗಬ್ಬದಿಂದ ಮಾರಾಟದವರೆಗೆ ಹೆಚ್ಚುಕಡಿಮೆ ಐದು ವರ್ಷ ಒಂದು ರೂಪಾಯಿ ಬರುವುದಿಲ್ಲ. ಆ ಐದು ವರ್ಷ ಲಾಯ ನಡೆಸುವುದು ತೊಗರಿ ಮತ್ತು ಎಮ್ಮೆಯ ಹಾಲು. ಅದಕ್ಕೇ ಮರಿ ಹಾಕಿಸಲು ಎರಡಕ್ಕಿಂತ ಹೆಚ್ಚು ಹೆಣ್ಣು ಕುದುರೆ ಇಟ್ಟುಕೊಂಡಿಲ್ಲ. ತೊಗರಿ ಕೈಕೊಟ್ಟ ವರ್ಷ ಗಬ್ಬ ಕಟ್ಟಿಸುವುದೂ ಇಲ್ಲ.

ಈ ಸಲ ಎರಡೂ ಗಬ್ಬ. ಚಂದ್ರಿಗೆ ದಿನ ಹತ್ತಿರ ಬಂದಿದೆ. ಅಪ್ಪನ ಹಾಸಿಗೆ ಒಂದು ವಾರದಿಂದ ಲಾಯದ ಕಟ್ಟೆಯ ಮೇಲಿದೆ. ಸೊಂಟನೋವು, ಚಳಿ, ಒಳಗೆ ಮಲಗ್ರೀ ಅಂದರೆ ಕೇಳುವುದಿಲ್ಲ. ನಿನ್ನೆ ರಾತ್ರಿ ಹನ್ನೊಂದಕ್ಕೆ ಬ್ಯಾಟರಿ ಹಿಡಿದು ಬಂದು ಬಾಗಿಲು ಬಡಿದರು: "ಏ ತಮ್ಮಾ, ಏಳು. ಮೇಣ ಬಂದದ. ಆ ಕತ್ತರಿ ಎಲ್ಲಿ ಇಟ್ಟೀದಿ?"