ಗಲ್ಫ್‌ನಿಂದ ಮರಳಿದ ಮಕ್ಕಳಿಗೆ ಸರ್ಕಾರಿ ಶುಲ್ಕದ ಸೀಟು: ಕಾಗದ ಸಿದ್ಧ ಮಾಡುವುದು ಹೇಗೆ?

ದುಬೈ, ಮಸ್ಕತ್, ದಮ್ಮಾಮ್‌ನಿಂದ ಭಟ್ಕಳ, ಹೊನ್ನಾವರ, ಕಾರವಾರಕ್ಕೆ ಮರಳಿದ ಎಷ್ಟೋ ಮನೆಗಳಲ್ಲಿ ಒಂದು ತಪ್ಪು ನಂಬಿಕೆ ಇದೆ. ಮಗು ಹೊರದೇಶದಲ್ಲಿ ಓದಿದೆ, ಇನ್ನು ಎನ್‌ಆರ್‌ಐ ಸೀಟೇ ಗತಿ ಅಂತ. ಹೀಗೆ ನಂಬಿ ಲಕ್ಷಗಟ್ಟಲೆ ಶುಲ್ಕ ಕಟ್ಟಿದವರನ್ನು ನೋಡಿ ನೋಡಿ ಬೇಸರವಾಗಿದೆ. ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಾಗಲಿ, ಶಿರಸಿಯ ಅರಣ್ಯ ಕಾಲೇಜಾಗಲಿ, ಸಿಇಟಿ ಮೂಲಕ ಸರ್ಕಾರಿ ಶುಲ್ಕದಲ್ಲಿ ಓದುವ ದಾರಿ ಈ ಮಕ್ಕಳಿಗೂ ಇದೆ. ಆದರೆ ಕಾಗದ ಸರಿಯಿರಬೇಕು.

ಮೊದಲು ತೀರ್ಮಾನ ಮಾಡಬೇಕಾದ್ದು: ಹನ್ನೊಂದು, ಹನ್ನೆರಡನೇ ತರಗತಿ ಎಲ್ಲಿ? ಮಗು ಹತ್ತನೇ ತರಗತಿಯಲ್ಲಿರುವಾಗಲೇ ಇದು ಇತ್ಯರ್ಥವಾಗಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಅರ್ಹತಾ ನಿಯಮದ ‘ಎ’ ಕಂಡಿಕೆಯ ಪ್ರಕಾರ ಮಗು ಒಂದರಿಂದ ಹನ್ನೆರಡರೊಳಗೆ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯು ಇಲ್ಲೇ ಪಾಸಾಗಿರಬೇಕು. ಗಲ್ಫ್‌ನಲ್ಲಿ ಬೆಳೆದ ಮಕ್ಕಳಿಗೆ ಇದು ಸಿಗುವುದು ಕಷ್ಟ. ಅವರಿಗೆ ಇರುವುದು ‘ಬಿ’ ಕಂಡಿಕೆ. ಪಿಯುಸಿಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿ ಪಾಸಾಗಬೇಕು, ಮತ್ತು ಅಪ್ಪ ಅಥವಾ ಅಮ್ಮ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಹನ್ನೆರಡನೆಯದಕ್ಕೆ ಮಾತ್ರ ಊರಿಗೆ ಬಂದರೆ ಈ ಬಾಗಿಲು ಮುಚ್ಚಿದಂತೆಯೇ.

ಅಪ್ಪ ಇನ್ನೂ ಗಲ್ಫ್‌ನಲ್ಲೇ ದುಡಿಯುತ್ತಿದ್ದು, ಮಗುವೂ ಅಲ್ಲೇ ಹನ್ನೆರಡು ಮುಗಿಸುವುದಾದರೆ ದಾರಿ ಬೇರೆ. ಸುರತ್ಕಲ್‌ನಂಥ ಎನ್‌ಐಟಿಗಳಲ್ಲಿ ‘ದಾಸಾ’ (ಹೊರದೇಶದಲ್ಲಿ ಓದಿದವರಿಗೆ ನೇರ ಪ್ರವೇಶ) ಯೋಜನೆಯ ಒಳಗೆ ಗಲ್ಫ್ ಕಾರ್ಮಿಕರ ಮಕ್ಕಳಿಗೆ ಪ್ರತ್ಯೇಕ ಸೀಟುಗಳಿವೆ. ಜೆಇಇ ಮೇನ್ ರ‍್ಯಾಂಕ್ ಬೇಕು. ಟ್ಯೂಷನ್ ಶುಲ್ಕ ಇಲ್ಲಿನ ಮಕ್ಕಳಷ್ಟೇ, ಡಾಲರ್ ಲೆಕ್ಕವಲ್ಲ. ಮಗು ಜೆಇಇಗೆ ಗಟ್ಟಿಯಾಗಿ ತಯಾರಾಗಿದ್ದರೆ ಮಾತ್ರ ಇದನ್ನು ನಂಬಿ. ಇಲ್ಲದಿದ್ದರೆ ಪ್ರಥಮ ಪಿಯುಗೇ ಊರಿಗೆ ಕರೆತನ್ನಿ.

ಹೊರಡುವ ಮುಂಚೆ ಶಾಲೆಯ ಟಿಸಿಗೆ ಅಲ್ಲಿನ ದೃಢೀಕರಣದ ಮುದ್ರೆಗಳನ್ನೆಲ್ಲ ಹಾಕಿಸಿಕೊಳ್ಳಿ. ಊರಿಗೆ ಬಂದ ಮೇಲೆ ಅದು ದೊಡ್ಡ ತಲೆನೋವು.

ಈಗ ಎಲ್ಲರೂ ಎಡವುವ ಜಾಗ: ಅಪ್ಪ ಅಥವಾ ಅಮ್ಮನ ವ್ಯಾಸಂಗ ಪ್ರಮಾಣಪತ್ರ. ಹೆಚ್ಚಿನವರು ತಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದು ಬರುತ್ತಾರೆ. ಅದು ಸಾಲದು. ಹೈಸ್ಕೂಲಿನ ಪತ್ರ ತಂದರೂ 3 ವರ್ಷವೇ ಆಯಿತು. ನೇರ ಪ್ರಾಥಮಿಕ ಶಾಲೆಗೆ ಹೋಗಿ. ಒಂದರಿಂದ ಏಳರ ತನಕ ಒಂದೇ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಓದಿದ್ದರೆ ಆ ಒಂದು ಪತ್ರದಲ್ಲೇ 7 ವರ್ಷ ಮುಗಿಯುತ್ತದೆ. ಯಾವ ವರ್ಷ ಯಾವ ತರಗತಿ ಅನ್ನುವುದು ಸಾಲುಸಾಲಾಗಿ ಬರೆದಿರಬೇಕು. ‘ನಮ್ಮ ಶಾಲೆಯ ವಿದ್ಯಾರ್ಥಿ’ ಅಂತ ಬರೆದ ಪತ್ರದಿಂದ ಉಪಯೋಗವಿಲ್ಲ.

ಕಾರವಾರ, ಸದಾಶಿವಗಡ ಕಡೆಯವರು ಇನ್ನೊಂದು ನೋಡಿಕೊಳ್ಳಬೇಕು. ಗೋವಾದಲ್ಲೋ ಮುಂಬೈಯಲ್ಲೋ ಓದಿದ ವರ್ಷಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅಪ್ಪನದು ಹಾಗಿದ್ದರೆ ಅಮ್ಮನ ಪತ್ರ ಮಾಡಿಸಿ. ಇಬ್ಬರಲ್ಲಿ ಒಬ್ಬರದು ಸಾಕು. ನನ್ನ ಸಲಹೆ ಕೇಳಿದರೆ, ಅಪ್ಪ ಹೊರದೇಶದಲ್ಲಿದ್ದಾಗ ಮೊದಲು ಅಮ್ಮನದನ್ನೇ ಮಾಡಿಸಿ. ಕಚೇರಿ ಓಡಾಟಕ್ಕೆ ಅವರೇ ಊರಲ್ಲಿರುತ್ತಾರಲ್ವಾ?

ಆಮೇಲೆ ಹೆಸರಿನ ತೊಡಕು. ಶಾಲೆಯ ದಾಖಲಾತಿ ರಿಜಿಸ್ಟರ್‌ನಲ್ಲಿ ಬರೀ ‘ಗಣಪತಿ’ ಅಂತಿರುತ್ತದೆ, ಪಾಸ್‌ಪೋರ್ಟಿನಲ್ಲಿ ‘ಗಣಪತಿ ಹರಿಕಂತ್ರ’. ಅಮ್ಮನದಾದರೆ ರಿಜಿಸ್ಟರ್‌ನಲ್ಲಿ ತವರಿನ ಹೆಸರು. ಪಾಸ್‌ಪೋರ್ಟಿನಂತೆ ಬರೆದುಕೊಡಿ ಅಂತ ಹೆಡ್‌ಮಾಸ್ಟರ್‌ಗೆ ದುಂಬಾಲು ಬೀಳಬೇಡಿ. ಪತ್ರ ರಿಜಿಸ್ಟರ್‌ನಂತೆಯೇ ಇರಲಿ. ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಜೊತೆಗಿಡಿ.

ಶಾಲೆಯೇ ಮುಚ್ಚಿದ್ದರೆ? ಕಾರವಾರದ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಊರು ಬಿಟ್ಟವರು ಈ ಪ್ರಶ್ನೆ ಕೇಳುತ್ತಾರೆ. ಆ ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಹಳೆಯ ರಿಜಿಸ್ಟರ್ ಈಗ ಯಾವ ಶಾಲೆಯಲ್ಲಿದೆ ಅಂತ ಕೇಳಿ. ಅರ್ಜಿಗೆ ಸ್ವೀಕೃತಿ ಪಡೆಯದೆ ಬರಬೇಡಿ.

ಪತ್ರಕ್ಕೆ ಬಿಇಒ ಮೇಲುರುಜು ಬೇಕು. ನೀವು ಈಗ ಇರುವ ತಾಲೂಕಿನ ಬಿಇಒ ಅಲ್ಲ, ಶಾಲೆ ಇರುವ ತಾಲೂಕಿನವರು. ಘಟ್ಟದ ಮೇಲಿನ ತಾಲೂಕುಗಳು ಶಿರಸಿ ಶೈಕ್ಷಣಿಕ ಜಿಲ್ಲೆಗೆ, ಕರಾವಳಿಯವು ಕಾರವಾರಕ್ಕೆ ಸೇರುತ್ತವೆ ಅನ್ನುವುದೂ ನೆನಪಿರಲಿ. ಏಪ್ರಿಲ್, ಮೇಯಲ್ಲಿ ಶಾಲೆಗೆ ರಜೆ, ಹೆಡ್‌ಮಾಸ್ಟರ್ ಸಿಗುವುದಿಲ್ಲ. ಸಿಇಟಿ ಗಡಿಬಿಡಿಯೂ ಅದೇ ಹೊತ್ತಿಗೆ. ಮಗು ಪ್ರಥಮ ಪಿಯುನಲ್ಲಿರುವಾಗಲೇ ಈ ಕೆಲಸ ಮುಗಿಸಿ. ಮೂಲ ಪ್ರತಿ ಎರಡು ಮಾಡಿಸಿ. ಲ್ಯಾಮಿನೇಷನ್ ಮಾತ್ರ ಮಾಡಿಸಲೇಬೇಡಿ, ಆಮೇಲೆ ಅದರ ಮೇಲೆ ಸಹಿ, ಸೀಲು ಕೂರುವುದಿಲ್ಲ.

ದುಡ್ಡು ಕೊಟ್ಟರೆ ವ್ಯಾಸಂಗ ಪ್ರಮಾಣಪತ್ರ ತಂದುಕೊಡುವ ಏಜೆಂಟರಿದ್ದಾರೆ. ಅವರ ಹತ್ತಿರ ಹೋಗಬೇಡಿ. ಸುಳ್ಳು ಅಂತ ಗೊತ್ತಾದರೆ ಸೀಟೂ ಹೋಗುತ್ತದೆ, ಕೇಸೂ ಬೀಳುತ್ತದೆ. ಎನ್‌ಆರ್‌ಐ ಕೋಟಾ ಸುಲಭ ಅನ್ನುವ ಕನ್ಸಲ್ಟೆನ್ಸಿಗಳ ಮಾತೂ ಬೇಡ. ಖಾಸಗಿ ಕಾಲೇಜುಗಳಲ್ಲಿ ಅದು ಶೇ 15ರ ಒಳಗಿರಬೇಕು ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಅದರ ಶುಲ್ಕ ಮಧ್ಯಮ ವರ್ಗಕ್ಕೆ ಎಟುಕುವಂಥದ್ದಲ್ಲ.

ಶಿರಸಿ, ಸಿದ್ದಾಪುರದ ಕಡೆ ಅಮೆರಿಕದಲ್ಲಿ ಹುಟ್ಟಿದ ಮಕ್ಕಳೂ ಇದ್ದಾರೆ. ಅವರ ಕೈಯಲ್ಲಿರುವುದು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್. 2021ರ ಮಾರ್ಚ್ 4ರ ಕೇಂದ್ರದ ಅಧಿಸೂಚನೆ ಅವರನ್ನು ಎನ್‌ಆರ್‌ಐ ಸಾಲಿಗೆ ಸೇರಿಸಿತು. ಅದಕ್ಕೂ ಮುಂಚೆ ಕಾರ್ಡ್ ಪಡೆದವರಿಗೆ ಭಾರತೀಯ ಮಕ್ಕಳಂತೆ ಸಾಮಾನ್ಯ ಸೀಟಿಗೆ ಅರ್ಜಿ ಹಾಕುವ ಹಕ್ಕು ಉಳಿಯುತ್ತದೆ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಮೊದಲ ಕಾರ್ಡಿನ ತಾರೀಖು ನೋಡಿ, ಹಳೆಯ ಕಾರ್ಡ್ ಎಸೆಯಬೇಡಿ.

ಅರ್ಜಿ ತುಂಬುವಾಗ ‘ಬಿ’ ಕಂಡಿಕೆಯನ್ನೇ ಆರಿಸಿ, ಸೈಬರ್ ಅಂಗಡಿಯವರಿಗೆ ಬಿಟ್ಟುಕೊಡಬೇಡಿ. ಆ ವರ್ಷದ ಕೆಇಎ ಕೈಪಿಡಿಯನ್ನು ಮೊದಲು ಓದಿಕೊಳ್ಳಿ. ಸೀಟು ಸಿಕ್ಕ ಮೇಲೆ ಶುಲ್ಕವನ್ನು ಕೆಇಎ ಚಲನ್‌ನಲ್ಲೇ ಕಟ್ಟಿ, ರಸೀದಿ ಜೋಪಾನವಾಗಿಡಿ.