ಇಪ್ಪತ್ತು ಒದೆತ, ಒಂದು ಬಣ್ಣ

ಮಾರ್ಚ್ ತಿಂಗಳ ಬೆಳಗ್ಗೆ ಆರು ಡಿಗ್ರಿ ತಣ್ಣಗಿರುವ ನೀರಿನಲ್ಲಿ, ಎದೆಮಟ್ಟದ ರಬ್ಬರ್ ದಿರಿಸು ತೊಟ್ಟು, ಹರಿವಿಗೆ ಅಡ್ಡವಾಗಿ ಬಲೆ ಹಿಡಿದು, ಕಾಲಿನಿಂದ ಹಳ್ಳದ ತಳವನ್ನು ಕೆದಕುವುದು. ಜರ್ಮನಿಯಲ್ಲಿ ನನ್ನ ಅರ್ಧ ಕೆಲಸ ಇದು. ಉಳಿದರ್ಧ ಸೂಕ್ಷ್ಮದರ್ಶಕದ ಮುಂದೆ ಕಳೆಯುತ್ತದೆ. ನದಿಯ ಆರೋಗ್ಯ ನೋಡುವ ಕೆಲಸ ಎಂದು ತೀರ್ಥಹಳ್ಳಿಯ ನಮ್ಮ ಮನೆಯವರಿಗೆ ಹೇಳಿದಾಗ, ನಾನು ಬಾಟಲಿಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕಳಿಸುತ್ತೇನೆ ಎಂದು ಅವರು ತಿಳಿದುಕೊಂಡರು. ಬಾಟಲಿಯೂ ಇದೆ. ಆದರೆ ಅದು ಹೇಳುವುದು ಆ ಹೊತ್ತಿನ ಸುದ್ದಿಯನ್ನು ಮಾತ್ರ. ನಿನ್ನೆ ರಾತ್ರಿ ಯಾರೋ ಕೀಟನಾಶಕದ ಡಬ್ಬ ತೊಳೆದು ಚೆಲ್ಲಿದ್ದರೆ ಇಂದು ಬೆಳಗಿನ ಬಾಟಲಿಗೆ ಅದು ಗೊತ್ತಾಗುವುದಿಲ್ಲ. ಕಲ್ಲಿನಡಿಯಲ್ಲಿ ವರ್ಷ, ಎರಡು ವರ್ಷ ಬಾಳುವ ಹುಳಕ್ಕೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಅದು ಅಲ್ಲಿ ಇರುವುದಿಲ್ಲ.

ಇಂಗ್ಲೆಂಡಿನ ಕೆನೆಟ್ ನದಿಯಲ್ಲಿ 2013ರ ಜುಲೈನಲ್ಲಿ ಹೀಗೇ ಆಯಿತು. ಮಾರ್ಲ್‌ಬರೋ ಪಟ್ಟಣದ ಕೆಳಗೆ ಸುಮಾರು 15 ಕಿಲೋಮೀಟರ್ ಉದ್ದಕ್ಕೆ ಹುಳುಗಳು ಸತ್ತವು. ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಅತ್ಯಲ್ಪ ಪ್ರಮಾಣದಲ್ಲಿ ನದಿಗೆ ಸೇರಿತ್ತು. ನೀರು ನೋಡಲು ಎಂದಿನಂತೆಯೇ ಇತ್ತು. ಏನೋ ಆಗಿದೆ ಎಂದು ಮೊದಲು ಗುರುತಿಸಿದವರು ನಿಯಮಿತವಾಗಿ ಬಲೆ ಹಾಕಿ ಹುಳು ಎಣಿಸುತ್ತಿದ್ದ ಊರಿನ ಸ್ವಯಂಸೇವಕರು.

ಯುರೋಪಿಯನ್ ಒಕ್ಕೂಟ 2000ದ ಅಕ್ಟೋಬರ್‌ನಲ್ಲಿ ಅಂಗೀಕರಿಸಿದ ಜಲ ಚೌಕಟ್ಟು ನಿರ್ದೇಶನ ಈ ಹುಳುಗಳಿಗೆ ಕಾನೂನಿನ ಬಲ ಕೊಟ್ಟಿತು. ನದಿ, ಸರೋವರ, ಅಳಿವೆ, ಕರಾವಳಿ ನೀರು ಎಲ್ಲಕ್ಕೂ ಐದು ದರ್ಜೆಗಳು: ಅತ್ಯುತ್ತಮ, ಉತ್ತಮ, ಮಧ್ಯಮ, ಕಳಪೆ, ಕೆಟ್ಟದ್ದು. ನಕ್ಷೆಯಲ್ಲಿ ಇವು ಕ್ರಮವಾಗಿ ನೀಲಿ, ಹಸಿರು, ಹಳದಿ, ಕಿತ್ತಳೆ, ಕೆಂಪು. ಹೋಲಿಕೆ ಪಕ್ಕದ ಊರಿನ ನದಿಯೊಂದಿಗಲ್ಲ. ಮನುಷ್ಯನ ಕೈ ಹೆಚ್ಚುಕಡಿಮೆ ಸೋಕದೆ ಇದ್ದಿದ್ದರೆ ಇದೇ ಬಗೆಯ ಹಳ್ಳದಲ್ಲಿ ಯಾರು ಯಾರು ವಾಸವಿರುತ್ತಿದ್ದರು ಎಂಬ ಚಿತ್ರದೊಂದಿಗೆ. ಜರ್ಮನಿಯ ಹರಿಯುವ ನೀರನ್ನು ಇದಕ್ಕಾಗಿಯೇ 25 ಬಗೆಗಳಾಗಿ ವಿಂಗಡಿಸಿದ್ದಾರೆ. ಕಲ್ಲುತಳದ ಗುಡ್ಡಗಾಡಿನ ಹಳ್ಳಕ್ಕೆ ಒಂದು ಅಳತೆ, ಬಯಲಿನ ಮರಳುಹೊಳೆಗೆ ಇನ್ನೊಂದು. ಹೋಲಿಕೆಯ ಅಂಕ 1ಕ್ಕೆ ಹತ್ತಿರವಾದರೆ ಅತ್ಯುತ್ತಮ, ಸೊನ್ನೆಗೆ ಹತ್ತಿರವಾದರೆ ಕೆಟ್ಟದ್ದು.

ವಿಧಾನ ಹೇಳಲು ಸುಲಭ. ಹಳ್ಳದ ಒಂದು ತುಂಡನ್ನು ಆರಿಸಿಕೊಂಡು, ಮೊದಲು ದಡದ ಮೇಲೆ ನಡೆಯುತ್ತಾ ತಳ ಏನೇನರಿಂದ ಆಗಿದೆ ಎಂದು ಶೇಕಡಾವಾರು ಅಂದಾಜು ಮಾಡಬೇಕು: ಕಲ್ಲು ಎಷ್ಟು, ಜಲ್ಲಿ ಎಷ್ಟು, ಮರಳು, ಕೆಸರು, ಕೊಳೆತ ಎಲೆ, ಮರದ ಬೇರು ಎಷ್ಟು. ಪ್ರತಿ ಶೇಕಡಾ 5ಕ್ಕೆ ಒಂದರಂತೆ ಒಟ್ಟು ಇಪ್ಪತ್ತು ಕಡೆ ಬಲೆ ಇಡಬೇಕು. ಒಂದೊಂದು ಜಾಗವೂ 25 ಸೆಂಟಿಮೀಟರ್ ಚೌಕ. ಎಲ್ಲ ಸೇರಿದರೆ 1.25 ಚದರ ಮೀಟರ್. ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಇಲ್ಲವಾದರೆ ನೀವೇ ಕದಡಿದ ನೀರು ಮುಂದಿನ ಜಾಗವನ್ನು ಕೆಡಿಸುತ್ತದೆ. ಬಲೆಯ ಕಣ್ಣು ಅರ್ಧ ಮಿಲಿಮೀಟರ್. ಹೀಗೆ ಬಲೆಯ ಮುಂದೆ ಕಾಲಿನಿಂದ ತಳ ಕೆದಕುವುದನ್ನು ನಾವು ಒದೆತ ಎನ್ನುತ್ತೇವೆ. ಒದೆಯುವಾಗ ಹಿಮ್ಮಡಿಯಿಂದಲೇ ತಳ ಯಾವುದೆಂದು ತಿಳಿಯುತ್ತದೆ.

ನನ್ನ ಮೊದಲ ವಸಂತದ ತಪ್ಪು ನಡೆದದ್ದು ಈ ಅಂದಾಜಿನಲ್ಲಿಯೇ. ಸಾವರ್‌ಲಾಂಡ್ ಗುಡ್ಡಗಳ ಒಂದು ಸಣ್ಣ ಹಳ್ಳ. ಕಲ್ಲುಗಳ ಮೇಲೆ ನೀರು ಜಿಗಿಯುತ್ತಿತ್ತು. ತುಂಗೆಯ ದಡದಲ್ಲಿ ಬೆಳೆದವಳಿಗೆ ಹಳ್ಳವೆಂದರೆ ಕಲ್ಲೇ. ಕಾಗದದಲ್ಲಿ ಕಲ್ಲಿಗೆ ಶೇಕಡಾ 70 ಎಂದು ಬರೆದು, ಹದಿನಾಲ್ಕು ಒದೆತಗಳನ್ನು ಕಲ್ಲಿಗೇ ಕೊಟ್ಟೆ. ಬಲೆ ತುಂಬಾ ಒಳ್ಳೊಳ್ಳೆಯ ಹುಳುಗಳು ಬಂದವು. ಲೆಕ್ಕ ಹಾಕಿದಾಗ ಹಸಿರು ಬಂತು. ಹಿರಿಯ ಸಹೋದ್ಯೋಗಿಯೊಬ್ಬರು ನಾನು ತೆಗೆದ ಚಿತ್ರಗಳನ್ನು ನೋಡುತ್ತಾ ಕುಳಿತಿದ್ದವರು, "ನೀನು ನಿಂತ ಜಾಗ ಕಲ್ಲು. ನಿನ್ನ ಬೆನ್ನಹಿಂದೆ ಏನಿದೆ?" ಎಂದರು.

ಬೆನ್ನಹಿಂದೆ ಮರಳು ಮತ್ತು ಕೆಸರು ಇತ್ತು. ದಡದವರೆಗೂ ಉತ್ತ ಹೊಲದಿಂದ ಮಳೆಗೆ ಕೊಚ್ಚಿಬಂದು, ಕಲ್ಲುಗಳ ಸಂದಿಯನ್ನು ತುಂಬಿ, ಅರ್ಧ ಹಳ್ಳವನ್ನು ಹೂತುಹಾಕಿತ್ತು. ಅಂದರೆ ರೋಗಿಯ ಮೈಯಲ್ಲಿ ಹುಣ್ಣು ಇಲ್ಲದ ಜಾಗವನ್ನು ಹುಡುಕಿ ಹುಡುಕಿ ಮುಟ್ಟಿ, ಚೆನ್ನಾಗಿದ್ದಾನೆ ಎಂದು ಬರೆದು ಬಂದಿದ್ದೆ. ಏಪ್ರಿಲ್ ಮುಗಿಯುವ ಮೊದಲು ಮತ್ತೆ ಹೋದೆ. ಈ ಸಲ ಕಲ್ಲಿಗೆ ಎಂಟು, ಮರಳು ಕೆಸರಿಗೆ ಎಂಟು, ಎಲೆ ಬೇರುಗಳಿಗೆ ನಾಲ್ಕು. ಕೆಸರಿನಲ್ಲಿ ಒದೆಯುವುದು ಬೇಸರದ ಕೆಲಸ. ಬಲೆ ಭಾರವಾಗುತ್ತದೆ, ವಾಸನೆ ಬರುತ್ತದೆ, ಸಿಗುವುದು ಎರೆಹುಳುವಿನ ಜಾತಿಯವು ಮತ್ತು ಕೆಂಪು ಹುಳುಗಳು. ಆ ಕೆಂಪು ನಮ್ಮ ರಕ್ತದ ಕೆಂಪೇ, ಹಿಮೋಗ್ಲೋಬಿನ್; ಆಮ್ಲಜನಕ ಕಡಿಮೆಯಿರುವ ಕಡೆ ಬದುಕಲು ಅದು ಬೇಕು. ಫಲಿತಾಂಶ ಹಳದಿಗೆ ಇಳಿಯಿತು.

ಹುಳುಗಳ ಲೆಕ್ಕದಲ್ಲಿ ಕೊಳಚೆಯನ್ನು ಅಳೆಯುವ ಭಾಗ ಎರಡೂ ಸಲ ಉತ್ತಮವೆಂದೇ ತೋರಿಸಿತ್ತು. ಯಾವ ಜೀವಿ ಎಷ್ಟು ಕೊಳಚೆ ತಡೆಯುತ್ತದೆ ಎಂಬ ಈ ಪದ್ಧತಿಯನ್ನು ಕೋಲ್ಕ್‌ವಿಟ್ಸ್ ಮತ್ತು ಮಾರ್ಸೋನ್ ಎಂಬ ಇಬ್ಬರು ಜರ್ಮನ್ ವಿಜ್ಞಾನಿಗಳು 20ನೇ ಶತಮಾನದ ಮೊದಲ ದಶಕದಲ್ಲಿಯೇ ರೂಪಿಸಿದ್ದರು. ಇಂದು ಇಲ್ಲಿನ ಹಳ್ಳಗಳಲ್ಲಿ ಶೌಚದ ಕೊಳಚೆ ಬಹುಮಟ್ಟಿಗೆ ನಿಂತಿದೆ. ನಮ್ಮ ಹಳ್ಳವನ್ನು ಕೆಡವಿದ್ದು ಎರಡನೆಯ ಭಾಗ, ಹಳ್ಳದ ರೂಪ ಮತ್ತು ಸುತ್ತಲಿನ ನೆಲದ ಬಳಕೆಯನ್ನು ಹುಳುಗಳ ಮೂಲಕ ಓದುವ ಭಾಗ. ಆಮ್ಲೀಯತೆಯದು ಇನ್ನೊಂದು ಇದೆ. ಇವುಗಳಲ್ಲಿ ಯಾವುದು ಕಡಿಮೆಯೋ ಅದೇ ಅಂತಿಮ.

ಪ್ರಯೋಗಾಲಯದ ಭಾಗವನ್ನು ಜನ ಬೇಸರದ್ದು ಎನ್ನುತ್ತಾರೆ, ನನಗೆ ಇಷ್ಟ. ಮೂವತ್ತು ಚೌಕಗಳ ತಟ್ಟೆಯಲ್ಲಿ ಮಾದರಿಯನ್ನು ಹರಡಿ, ಚೀಟಿ ಎತ್ತಿದಂತೆ ಐದು ಚೌಕ ಆರಿಸಿ, ಅವುಗಳಲ್ಲಿರುವ ಪ್ರತಿಯೊಂದು ಜೀವಿಯನ್ನೂ ಹೆಕ್ಕಬೇಕು. ಕನಿಷ್ಠ 350 ಸಿಗದಿದ್ದರೆ ಇನ್ನೊಂದು ಚೌಕ. ಕಣ್ಣಿಗೆ ಚೆಂದ ಕಂಡದ್ದನ್ನು ಎತ್ತುವ ಚಪಲಕ್ಕೆ ಇಲ್ಲಿಯೂ ಕಡಿವಾಣ. ಆಮೇಲೆ ಹೆಸರು ಹಿಡಿಯುವುದು. ಬಾಲದಲ್ಲಿ ಎರಡು ಎಳೆ ಇದ್ದು ಹೊಟ್ಟೆಯ ಬದಿಯಲ್ಲಿ ಕಿವಿರು ಇಲ್ಲದಿದ್ದರೆ ಕಲ್ಲು ನೊಣದ ಮರಿ. ಸಾಮಾನ್ಯವಾಗಿ ಮೂರು ಎಳೆ ಇದ್ದು ಕಿವಿರೂ ಇದ್ದರೆ ಒಂದು ದಿನದ ನೊಣ. ಮರಳು, ಕಡ್ಡಿ, ಎಲೆಚೂರು ಅಂಟಿಸಿ ಕೊಳವೆ ಕಟ್ಟಿಕೊಂಡು ಅದರೊಳಗೆ ಇರುವುದನ್ನು ಜರ್ಮನರು ಬತ್ತಳಿಕೆ ನೊಣ ಎನ್ನುತ್ತಾರೆ. ಇಂಗ್ಲಿಷಿನ ಕ್ಯಾಡಿಸ್‌ಗಿಂತ ಇದು ನನ್ನ ನಾಲಿಗೆಗೆ ಹತ್ತಿರ.

ಇಷ್ಟಾದರೂ ಇದು ಹುಳುಗಳ ಲೆಕ್ಕ ಮಾತ್ರ. ಜಲಸಸ್ಯ, ಕಲ್ಲಿನ ಮೇಲಿನ ಪಾಚಿ, ದೊಡ್ಡ ನದಿಗಳಲ್ಲಿ ತೇಲುಪಾಚಿ, ಮೀನು ಇವುಗಳನ್ನು ಬೇರೆ ಬೇರೆ ತಂಡಗಳು ನೋಡುತ್ತವೆ. ಎಲ್ಲ ಬಂದ ಮೇಲೆ ಸರಾಸರಿ ತೆಗೆಯುವುದಿಲ್ಲ. ಅತಿ ಕೆಟ್ಟದ್ದೇ ಇಡೀ ನದಿಯ ದರ್ಜೆ. ಎಸ್ಸೆಸ್ಸೆಲ್ಸಿಯಲ್ಲಿ ಐದು ವಿಷಯಗಳಲ್ಲಿ ತೊಂಬತ್ತು ಬಂದು ಗಣಿತದಲ್ಲಿ ಹೋದರೆ ಹೋದಂತೆಯೇ ತಾನೇ, ಹಾಗೆ. ನಾನು ಹಸಿರು ಕೊಟ್ಟ ಇನ್ನೊಂದು ಹೊಳೆ ಮೀನಿನ ಕಾರಣಕ್ಕೆ ಹಳದಿಯಾಯಿತು. ಹಳೆಯ ಹಿಟ್ಟಿನ ಗಿರಣಿಗಾಗಿ ಕಟ್ಟಿದ್ದ ಸಣ್ಣ ಅಣೆಯೊಂದು ಕೆಳಗಡೆ ಇತ್ತು. ಗಿರಣಿ ನಿಂತು ಎಷ್ಟೋ ಕಾಲವಾಗಿದ್ದರೂ ಮೀನಿಗೆ ಮೇಲೆ ಬರಲು ದಾರಿಯಿರಲಿಲ್ಲ.

ಈ ನಿಯಮದ ಮೇಲೆ ಇಲ್ಲಿನ ಅಧಿಕಾರಿಗಳಿಗೂ ಸಿಟ್ಟಿದೆ. ಕೋಟಿಗಟ್ಟಲೆ ಖರ್ಚು ಮಾಡಿದರೂ ನಕ್ಷೆಯಲ್ಲಿ ಬಣ್ಣ ಬದಲಾಗುವುದಿಲ್ಲ ಎನ್ನುತ್ತಾರೆ. ದೂರು ಸುಳ್ಳಲ್ಲ. ಎಲ್ಲ ನೀರೂ 2015ರೊಳಗೆ ಉತ್ತಮವಾಗಬೇಕಿತ್ತು. ವಿನಾಯಿತಿಗಳು ಈಗ 2027ಕ್ಕೆ ಬಂದು ನಿಂತಿವೆ. ಯುರೋಪಿಯನ್ ಪರಿಸರ ಸಂಸ್ಥೆಯ 2024ರ ವರದಿಯಂತೆ ಮೇಲ್ಮೈ ನೀರಿನಲ್ಲಿ ಉತ್ತಮ ಅಥವಾ ಅದಕ್ಕಿಂತ ಮೇಲಿನ ದರ್ಜೆಯಲ್ಲಿರುವುದು ಶೇಕಡಾ 37. ಜರ್ಮನಿಯಲ್ಲಿ ಶೇಕಡಾ 10ನ್ನೂ ಮುಟ್ಟಿಲ್ಲ. ಆದರೂ ನನಗೆ ಸರಾಸರಿ ಬೇಡ. ಸರಾಸರಿ ಎಂದರೆ ಹದಿನಾಲ್ಕು ಒದೆತಗಳನ್ನು ಕಲ್ಲಿಗೆ ಕೊಟ್ಟಂತೆ.

ಎಂಶರ್ ಕಣಿವೆಯಲ್ಲಿ ಬೇರೆ ಪಾಠ ಸಿಕ್ಕಿತು. ರೂರ್ ಪ್ರದೇಶದ ಕಲ್ಲಿದ್ದಲು ಗಣಿಗಳಿಂದ ನೆಲ ಕುಸಿಯುತ್ತಿದ್ದ ಕಾಲದಲ್ಲಿ ನೆಲದಡಿಯ ಕೊಳವೆಗಳು ಒಡೆಯುತ್ತಿದ್ದುದರಿಂದ, ಎಂಶರ್ ನದಿಯನ್ನೂ ಅದರ ಉಪನದಿಗಳನ್ನೂ ಕಾಂಕ್ರೀಟು ಹಾಸಿ ತೆರೆದ ಚರಂಡಿ ಮಾಡಿಬಿಟ್ಟಿದ್ದರು. ಸ್ಥಳೀಯರು ಅವಕ್ಕಿಟ್ಟ ಅಡ್ಡಹೆಸರಿನ ಅರ್ಥವನ್ನು ಊಟದ ಹೊತ್ತಿನಲ್ಲಿ ಹೇಳಲಾಗದು. ಗಣಿಗಳು ಉತ್ತರಕ್ಕೆ ಸರಿದ ಮೇಲೆ, 1992ರಿಂದ ಶುರುವಾಗಿ ಸುಮಾರು ಮೂರು ದಶಕ, 500 ಕೋಟಿ ಯೂರೋಗೂ ಹೆಚ್ಚು ಹಣ ಹಿಡಿದು, 51 ಕಿಲೋಮೀಟರಿನ ಒಳಚರಂಡಿ ಕೊರೆದು ಕೊಳಚೆಯನ್ನು ಬೇರ್ಪಡಿಸಿದರು. ಹೊಸದಾಗಿ ತಿರುವು ಮುರುವು ಕೊಟ್ಟ ಒಂದು ಉಪಹಳ್ಳದಲ್ಲಿ ಇಳಿದಾಗ ನೀರು ತಿಳಿ, ತಳ ಜಲ್ಲಿ, ದಡದಲ್ಲಿ ಎಳೆಯ ಮರಗಳು. ಬಲೆಯಲ್ಲಿ ಮಾತ್ರ ಎಲ್ಲೆಂದರಲ್ಲಿ ಬದುಕುವ ನಾಲ್ಕಾರು ಜಾತಿ. ಕಲ್ಲು ನೊಣ ಒಂದೂ ಇಲ್ಲ. ಅವು ಬರಬೇಕಾದರೆ ಹತ್ತಿರದಲ್ಲಿ ಎಲ್ಲಾದರೂ ಉಳಿದಿರಬೇಕಲ್ಲ. ಮನೆ ಕಟ್ಟಿ ಬಾಗಿಲು ತೆರೆದಿಟ್ಟಾಗಿದೆ, ನೆಂಟರು ದೂರದಿಂದ ಹೊರಡಬೇಕು. ಆ ಫಲಿತಾಂಶ ಬರೆಯುವಾಗ ಕೈ ಹಿಂದೇಟು ಹಾಕಿತು. ಬರೆದೆ.

ಸರೋವರ ಮತ್ತು ಸಮುದ್ರದ ತಂಡಗಳ ಜೊತೆ ನಾನು ಹೋದದ್ದು ಕೆಲವೇ ಸಲ. ಸರೋವರದಲ್ಲಿ ಬಿಳಿ ತಟ್ಟೆಯೊಂದನ್ನು ಹಗ್ಗ ಕಟ್ಟಿ ಇಳಿಸಿ, ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆ ಎಂದು ನೋಡುತ್ತಾರೆ. ಸೆಕ್ಕಿ ಎಂಬ ಇಟಲಿಯ ಪಾದ್ರಿ ಖಗೋಳಶಾಸ್ತ್ರಜ್ಞ 1865ರಲ್ಲಿ ಪೋಪ್ ಅವರ ಹಡಗಿನಿಂದ ಇಳಿಸಿದ ತಟ್ಟೆಯ ವಂಶದ್ದೇ ಇದು. ಬಾಲ್ಟಿಕ್ ಕರಾವಳಿಯಲ್ಲಿ ಸಮುದ್ರ ಹುಲ್ಲು ಎಷ್ಟು ಆಳದವರೆಗೆ ಬೆಳೆದಿದೆ ಎಂದು ನೋಡುತ್ತಾರೆ. ಹೊಲಗಳ ಗೊಬ್ಬರದಿಂದ ಪಾಚಿ ಹೆಚ್ಚಿದರೆ ಬೆಳಕು ಕೆಳಗಿಳಿಯದೆ ಹುಲ್ಲು ದಡದತ್ತ ಹಿಂದೆ ಸರಿಯುತ್ತದೆ. ಬಾಲ್ಟಿಕ್ ನೀರು ಅರೆ ಉಪ್ಪು, ಅಲ್ಲಿ ಜಾತಿಗಳು ಸಹಜವಾಗಿಯೇ ಕಡಿಮೆ. ಅಟ್ಲಾಂಟಿಕ್ ದಡದ ಅಳತೆಗೋಲು ಹಿಡಿದರೆ ಆರೋಗ್ಯವಂತನೂ ರೋಗಿಯಂತೆ ಕಾಣುತ್ತಾನೆ. ಆ ತಂಡದವರು ಇದನ್ನು ವಿವರಿಸುತ್ತಿದ್ದಾಗ ನಾನು ದೋಣಿಯಂಚಿನಲ್ಲಿ ಬಗ್ಗಿ ವಾಂತಿ ಮಾಡುತ್ತಿದ್ದೆ, ಹಾಗಾಗಿ ಇದಕ್ಕಿಂತ ಹೆಚ್ಚು ಕೇಳಿಸಿಕೊಂಡಿಲ್ಲ.

ಈ ವರ್ಷ ಮತ್ತೆ ಸಾವರ್‌ಲಾಂಡಿನ ಹಳ್ಳದ ಸರದಿ. ಹೊಲಕ್ಕೂ ನೀರಿಗೂ ನಡುವೆ ಒಂದಿಷ್ಟು ಅಗಲ ಬಿಟ್ಟು ಆಲ್ಡರ್ ಗಿಡಗಳನ್ನು ನೆಟ್ಟಿದ್ದಾರೆ. ದಡದಲ್ಲಿ ಎರಡು ಸಲ ನಡೆದೆ, ಬೆನ್ನಹಿಂದೆಯೂ ನೋಡಿದೆ. ಕೆಸರು ಕಡಿಮೆಯಾಗಿದೆ, ಉಳಿದದ್ದು ತೊಳೆದ ಮರಳು. ಶೇಕಡಾ 30 ಎಂದು ಬರೆದು ಆರು ಒದೆತ ಕೊಟ್ಟೆ. ಐದನೆಯದರಲ್ಲಿ, ನಾನು ಅಂದು ಹೊರಗಿಟ್ಟಿದ್ದ ಅದೇ ಮರಳಿನಿಂದ, ಮುಂದೆ ಕೋರೆ ಹಲ್ಲಿನಂಥ ಎರಡು ಕೊಂಬು ಚಾಚಿಕೊಂಡ ದಂತವರ್ಣದ ಮರಿಯೊಂದು ಬಲೆಗೆ ಬಂತು. ಸ್ವಚ್ಛ ಮರಳಿನಲ್ಲಿ ಬಿಲ ಕೊರೆದು ಎರಡು ವರ್ಷ ಕಳೆಯುವ ಒಂದು ದಿನದ ನೊಣ. ಹಳ್ಳದ ಬಣ್ಣ ಈ ಸಲವೂ ಹಳದಿಯೇ.